ಮೂರನೆಯ ತಿರುವು

“ಮದ್ದು ಹೋಗುವಾಗ ಕೈ ಉರಿಯುತ್ತೆ ಅಂತ ಮೊದಲೇ ಹೇಳ್ಬೇಕು. ಮರೆತುಬಿಟ್ಯಾ, ಅವಸರದಮ್ಮ?”

ಆಪರೇಷನ್ ಮೇಜಿನ ಮೇಲೆ ಅಂಗಾತ ಮಲಗಿದ್ದ ಹಿರಿಯ ಡಾಕ್ಟರು ಹೀಗೆ ಕೇಳಿದಾಗ, ಸಿರಿಂಜು ಹಿಡಿದಿದ್ದ ಡಾಕ್ಟರಮ್ಮನಿಗೆ ಮಾಸ್ಕಿನೊಳಗೇ ನಗು ಬಂತು. ಐವತ್ತರ ಹತ್ತಿರ ಬಂದ ತನ್ನನ್ನು ಆ ಅಡ್ಡಹೆಸರಿನಿಂದ ಕರೆಯುವವರು ಈಗ ಇವರೊಬ್ಬರೇ. ಮೂವತ್ತು ವರ್ಷ ಇದೇ ಕೋಣೆಯಲ್ಲಿ ಜನರನ್ನು ಮಲಗಿಸಿ ಎಬ್ಬಿಸಿದವರು. ಅವಳಿಗೆ ಅರಿವಳಿಕೆ ಕೊಡಲು ಕಲಿಸಿದವರು. ಈಗ ಅವರದೇ ಪಿತ್ತಕೋಶದ ಕಲ್ಲನ್ನು ಇನ್ನು ಬಿಡುವಂತಿರಲಿಲ್ಲ. ಹೃದಯವೋ, ಹಳೆಯ ಬಾವಿಯ ರಾಟೆ. ತಿರುಗುತ್ತದೆ, ಭಾರ ತಾಳುವುದಿಲ್ಲ. ಮದ್ದು ಚೂರು ಹೆಚ್ಚಾದರೂ ನಿಂತುಬಿಡಬಹುದು.

“ಉರಿಯುತ್ತೆ ಸರ್. ಈಗ ಹೇಳಿ, ಇಲ್ಲಿಂದ ನಿಮ್ಮ ಮನೆಗೆ ಹೇಗೆ ಹೋಗೋದು?”

ಅದು ಅವರದೇ ಪದ್ಧತಿ. ಬೇರೆಯವರು ಅಂಕಿ ಎಣಿಸಲು ಹೇಳಿದರೆ ಅವರು ಮನೆಯ ದಾರಿ ಕೇಳುತ್ತಿದ್ದರು. ನಿದ್ದೆ ಹತ್ತದೆ ಮೂರನೆಯ ತಿರುವು ದಾಟಿದ ರೋಗಿಯೇ ಇರಲಿಲ್ಲ.

“ನನ್ನ ಬಾಣ ನನಗೇ ಬಿಡ್ತೀಯಾ? ಸರಿ. ಗೇಟಿಂದ ಎಡಕ್ಕೆ, ಸೈಕಲ್ ಅಂಗಡಿ...”

ಹಾಲಿನಂಥ ಬಿಳಿ ಮದ್ದನ್ನು ಅವಳು ಒಂದಿಷ್ಟು ಒತ್ತಿ ನಿಲ್ಲಿಸಿದಳು. ಸೈಕಲ್ ಅಂಗಡಿ ಮುಚ್ಚಿ ಎಷ್ಟು ಕಾಲವಾಯಿತು! ಅವರು ಹೇಳುತ್ತಿದ್ದುದು ಈಗಿರುವ ಮಗಳ ಮನೆಯ ದಾರಿಯಲ್ಲ, ಹೆಂಡತಿ ಬದುಕಿದ್ದಾಗಿನ ಬಾಡಿಗೆ ಮನೆಯದು. ಕಲಿಯುವ ದಿನಗಳಲ್ಲಿ ಅವಳೂ ಅಲ್ಲಿ ಎಷ್ಟೋ ಸಲ ಉಂಡಿದ್ದಳು. “ನಿಮ್ಮ ಪಾಠ ಆಮೇಲೆ. ಹುಡುಗಿ ಮೊದಲು ಉಣ್ಲಿ,” ಎಂದು ಆಕೆ ಗಂಡನನ್ನು ಗದರಿ ತಟ್ಟೆ ಇಡುತ್ತಿದ್ದರು.

“ಇಳಿಜಾರಲ್ಲಿ ಬಲಕ್ಕೆ...” ನಿಮಿಷವಾದರೂ ಅವರ ಕಣ್ಣು ತೆರೆದೇ ಇತ್ತು.

“ನಿದ್ದೆ ಹತ್ಲಿಲ್ವಲ್ಲ ಡಾಕ್ಟ್ರೇ, ಇನ್ನೊಂಚೂರು ಕೊಡ್ಬಾರ್ದಾ?” ಎಂದರು ಸಿಸ್ಟರ್.

ಸರ್ಜನ್ ಗಡಿಯಾರ ನೋಡಿದರು. “ಗುರುಗಳು ಊರೆಲ್ಲ ಸುತ್ತಿಸೋ ಹಾಗಿದೆ!”

ಅವಳ ಹೆಬ್ಬೆರಳು ಒತ್ತಲು ಹೋಯಿತು. ಹಿಂದೊಮ್ಮೆ ಒಬ್ಬ ಅಜ್ಜಿ ಹೀಗೆಯೇ ಮಲಗದಿದ್ದಾಗ, ಮತ್ತೆ ಒತ್ತಲು ಹೋದ ಅವಳ ಮಣಿಕಟ್ಟನ್ನು ಇವರು ಗಪ್ಪನೆ ಹಿಡಿದಿದ್ದರು. “ವಯಸ್ಸಾದವರ ರಕ್ತ ಓಡಲ್ಲ ಅವಸರದಮ್ಮ, ನಡ್ಕೊಂಡು ಹೋಗುತ್ತೆ. ಮದ್ದು ಇನ್ನೂ ದಾರೀಲಿದೆ. ಅದು ತಲೆ ತಲುಪೋ ಮೊದಲೇ ಇನ್ನೊಂದನ್ನ ಕಳಿಸಿದ್ರೆ, ಎರಡೂ ಸೇರಿ ಆಳನ್ನೇ ಕೆಡವ್ತವೆ.” ಬೆರಳಿನ ಗುರುತು ಎರಡು ದಿನ ಉಳಿದಿತ್ತು.

ಇವತ್ತು, ಅಂದು ತಡೆದಿದ್ದ ಅವರ ಕೈಯನ್ನು ಪಟ್ಟಿ ಹಾಕಿ ಮೇಜಿಗೆ ಬಿಗಿದಿದ್ದರು.

“ಕಾಯೋಣ,” ಎಂದು ಅವಳು ಹೆಬ್ಬೆರಳು ತೆಗೆದಳು.

“ಮೂರನೇದು... ಎಡಕ್ಕೆ... ನೀಲಿ ಗೇಟು...”

ರೆಪ್ಪೆ ಮುಚ್ಚಿತು. ರಕ್ತದ ಒತ್ತಡ ನೂರರಿಂದ ತೊಂಬತ್ತಕ್ಕೆ, ಎಂಬತ್ತಕ್ಕೆ ಇಳಿಯಿತು. ಎಂಬತ್ತೆರಡು. ಎಂಬತ್ತೆಂಟು. ಅವಳು ಬಿಟ್ಟ ಉಸಿರು ಮಾಸ್ಕಿನೊಳಗೆ ಬೆಚ್ಚಗೆ ತುಂಬಿತು. ಸಿರಿಂಜಿನಲ್ಲಿ ಅರ್ಧಕ್ಕಿಂತ ಹೆಚ್ಚು ಮದ್ದು ಹಾಗೇ ಇತ್ತು.

ಎರಡು ಗಂಟೆ ಕಳೆದು, ಆಪರೇಷನ್ ಮುಗಿದ ಮೇಲೆ, ಪಕ್ಕದ ಕೋಣೆಯ ಕಿಟಕಿ ಬಿಸಿಲಿನಲ್ಲಿ, ಅವರ ಒಣಗಿದ ತುಟಿ ಅಲುಗಿತು. ಅವಳು ಬಗ್ಗಿ ಕಿವಿಗೊಟ್ಟಳು.

“ಗೇಟಿನ ಅಗುಳಿ ಬಿಗಿ ಇದೆ... ಸ್ವಲ್ಪ ಎತ್ತಿ ತಳ್ಳು. ನಮ್ಮನೆಯವಳು ಒಳಗೇ ಇದ್ದಾಳೆ.”

“ಎತ್ತಿದೆ ಸರ್.”

ಪಟ್ಟಿ ಬಿಚ್ಚಿದ್ದ ಅವರ ಕೈ ಹೊದಿಕೆಯ ಮೇಲೆ ತಡವರಿಸಿ, ಅವಳ ಮಣಿಕಟ್ಟನ್ನು ಹುಡುಕಿ ಹಿಡಿಯಿತು. ಗುರುತು ಮೂಡುವಷ್ಟು ಬಲ ಅದರಲ್ಲಿರಲಿಲ್ಲ. ಹೊರಗಿನಿಂದ ಯಾರೋ ಡಾಕ್ಟರಮ್ಮನನ್ನು ಕರೆದರು. ಅವಳು ಕೈ ಅಲುಗಿಸದೆ ಹಾಗೇ ನಿಂತಿದ್ದಳು.