ಮೂರನೆಯ ಮುಳುಗು

ಮಂಜುಗಡ್ಡೆಯೊಂದು ತೇಲಿಹೋಯಿತು, ಹಸುವಿನ ಬೆನ್ನಷ್ಟು ಅಗಲ, ಅದರ ಮೇಲೊಂದು ಕಾಗೆ, ಎಲ್ಲಿಗೆ ಹೊರಟಿದ್ದೇನೆಂಬ ಚಿಂತೆಯೇ ಇಲ್ಲದ ಕಾಗೆ, ಫೆವ್ರೋನ್ಯಾ ಅದನ್ನೇ ನೋಡುತ್ತ ನಿಂತಳು, ನೋಡಬೇಕಾದದ್ದು ಅದಲ್ಲವೆಂದು ಗೊತ್ತಿದ್ದೂ, ನೋಡಬೇಕಾದದ್ದು ಸೊಂಟಮಟ್ಟ ಹೊಳೆಯಲ್ಲಿ ಬಿಳಿ ಅಂಗಿ ತೊಟ್ಟು ನಡುಗುತ್ತಿರುವ ಸ್ಲಾವಾನನ್ನು, ಊರಿನ ಟ್ರ್ಯಾಕ್ಟರ್ ಡ್ರೈವರನನ್ನು, ಮೂರು ಮುಳುಗು ಹಾಕಿದರೆ ತಮ್ಮ ಹಳೆಯ ಕ್ರೈಸ್ತ ಪಂಗಡದವನಾಗಿ ಬರುವ ಭಾನುವಾರ ಮಗಳು ಉಲೀತಾಳ ಗಂಡನಾಗುವವನನ್ನು — ಏಪ್ರಿಲ್ ಮುಗಿಯುತ್ತ ಬಂದಿದೆ, ಹೊಳೆಯ ಮೇಲಿನ ಹಿಮ ಒಡೆದು ನಾಲ್ಕು ದಿನವೂ ಆಗಿಲ್ಲ. ನನ್ ಮಗನಿಗೆ ನ್ಯುಮೋನಿಯಾ ಆಗ್ಲಿ ನೋಡು, ನಿನ್ನ ಗಂಡನ ಗಡ್ಡ ಕಿತ್ತು ದಿಂಬಿಗೆ ತುಂಬ್ತೀನಿ, ಎಂದಳು ಪಕ್ಕದಲ್ಲಿ ಸಿಗರೇಟು ಹಚ್ಚಿಕೊಂಡು ನಿಂತ ಗಲೀನಾ, ಸ್ಲಾವಾನ ತಾಯಿ, ಪಕ್ಕದ ಮನೆಯವಳು, ಎರಡು ಸಲ ಗಂಡನನ್ನು ಬಿಟ್ಟವಳು, ಆರು ವರ್ಷದ ಹಿಂದೆ ತಾವು ಬೊಲಿವಿಯಾದಿಂದ ಬಂದಿಳಿದ ದಿನ ಬಿಸಿ ಹಾಲಿನ ಪಾತ್ರೆ ಹಿಡಿದು ಬಾಗಿಲಿಗೆ ಬಂದ ಒಬ್ಬಳೇ ಒಬ್ಬಳು, ಆ ಹಾಲನ್ನು ತಾವು ಕುಡಿಯಲಿಲ್ಲ, ಹೊರಗಿನವರ ಪಾತ್ರೆ ಮೈಲಿಗೆ. ಅವಳಿಗೆಂದೇ ಜಗುಲಿಯ ಮೊಳೆಯಲ್ಲಿ ಬೇರೆ ಲೋಟ ತೂಗುಹಾಕಿದಾಗಲೂ ಅವಳು ನಕ್ಕಿದ್ದಳಲ್ಲ, ನಾಯಿ ತಟ್ಟೆ ಪಕ್ಕ ಇಡ್ಲಿಲ್ವಲ್ಲ, ಅದೇ ನನ್ ಪುಣ್ಯ ಕಣೇ.

ಮೊದಲನೆಯ ಮುಳುಗು, ಪಂಗಡದ ಹಿರಿಯ ಸವ್ವಾತಿ ಅವನ ನೆತ್ತಿ ಅದುಮಿದ, ನೀರು ಮುಚ್ಚಿಕೊಂಡಿತು, ತೆರೆಯಿತು. ರಷ್ಯದಲ್ಲಿ ಎಲ್ಲರೂ ನಮ್ಮೋರೇ, ಎನ್ನುತ್ತಿದ್ದ ಗಂಡ ತೆರೆಂತಿ, ಬೊಲಿವಿಯಾದ ಬೆಂಕಿ ಬಿಸಿಲಲ್ಲಿ, ಸೋಯಾ ಹೊಲದ ಬದುವಿನಲ್ಲಿ ಕೂತು, ನಮ್ಮ ಮಾತು, ನಮ್ಮ ದೇವರು, ಹೆಂಗಸರು ತಲೆ ಮುಚ್ಕೊಳ್ಳೋ ನಾಡು, ಅಜ್ಜಂದಿರು ಬಿಟ್ಟು ಓಡಿಬಂದ ನಾಡು ಈಗ ಬನ್ನಿ ಅಂತ ಕರೀತಾ ಇದೆ, ಇಲ್ಲಿದ್ರೆ ಉಲೀತಾಗೆ ಗಂಡು ಎಲ್ಲಿಂದ ತರ್ತೀಯ, ಊರಲ್ಲಿರೋರೆಲ್ಲ ಅವಳ ಚಿಕ್ಕಪ್ಪನ ಮಕ್ಕಳೇ — ಅದೂ ನಿಜವೇ ಆಗಿತ್ತು, ಹಾಗೆಂದೇ ಎತ್ತು ಮಾರಿ, ದೇವರ ಪಟಗಳನ್ನು ಕಂಬಳಿಯಲ್ಲಿ ಸುತ್ತಿ, ಮೂರು ವಿಮಾನ ಒಂದು ರೈಲು, ಕೊನೆಗೆ ರಷ್ಯದ ಮೂಡಣ ಕಡಲಂಚಿನ ಈ ಪ್ರಿಮೋರ್ಯೆ, ಅಂಗಡಿಯವಳು ತಮ್ಮ ಉದ್ದ ಲಂಗ, ನೇಯ್ದ ಸೊಂಟಪಟ್ಟಿ, ಗಂಡಸರ ಗಡ್ಡ ನೋಡಿ ಕಣ್ಣರಳಿಸಿ ಕೇಳುತ್ತಾಳೆ, ಮೇಳದವ್ರಾ ನೀವು, ಎಲ್ಲಿ ಕಾರ್ಯಕ್ರಮ? ಬೊಲಿವಿಯಾದಲ್ಲಿ ತಮ್ಮನ್ನು ರಷ್ಯದವರು ಎನ್ನುತ್ತಿದ್ದರು, ಇಲ್ಲಿ ಬೊಲಿವಿಯಾದವರು ಎನ್ನುತ್ತಾರೆ. ತಮ್ಮ ಹಿಂದೆ ಬಂದ ನಾಲ್ಕು ಮನೆಯವರೂ ಅದೇ ಚಿಕ್ಕಪ್ಪನ ಮಕ್ಕಳೇ. ನೀವು ಹುಡುಕ್ಕೊಂಡು ಬಂದ ಊರು ನಮ್ಮಜ್ಜಿ ಕಾಲಕ್ಕೇ ತೀರ್ಕೊಳ್ತು ಕಣೇ, ಎಂದಿದ್ದಳು ಗಲೀನಾ, ಬೇಲಿಯ ಆಚೆಯಿಂದ, ಆಲೂಗಡ್ಡೆ ಅಗೆಯುತ್ತ, ಅಯ್ಯೋ ಪಾಪ ಎನ್ನುವ ದನಿಯಲ್ಲೂ ಅಲ್ಲ, ನಾಳೆ ಮಂಜು ಬೀಳಬಹುದು ಎಂಬಂತೆ.

ಎರಡನೆಯ ಮುಳುಗು, ಈ ಸಲ ತುಸು ಹೆಚ್ಚು ಹೊತ್ತು, ಉಲೀತಾ ದಡದ ಕಲ್ಲಿನ ಮೇಲೆ ತುದಿಗಾಲಲ್ಲಿ ನಿಂತಿದ್ದಾಳೆ, ಉಸಿರು ಕಟ್ಟಿರುವುದು ಅವಳಿಗೇ ಎಂಬಂತೆ. ಮಂಗಳವಾರ ಕೊಟ್ಟಿಗೆಯಲ್ಲಿ ಫೆವ್ರೋನ್ಯಾ ಸ್ಲಾವಾನನ್ನು ಕೇಳಬಾರದಿತ್ತು, ಕೇಳಿಬಿಟ್ಟಳು, ನಿಜ ಹೇಳಪ್ಪಾ, ನೀನು ನಂಬ್ತೀಯಾ? ಅವನು ಟೋಪಿ ತೆಗೆದು ಹಿಂಡುತ್ತ ನಿಂತ, ಸುಳ್ಳು ಹೇಳೋಕೆ ಬರಲ್ಲ ಅತ್ತೆ, ದೇವ್ರ ವಿಷಯ ನಂಗೇನೂ ಗೊತ್ತಿಲ್ಲ, ಉಲೀತಾನ ನಂಬ್ತೀನಿ, ಅವಳು ನಂಬಿದ್ದನ್ನ ಹಾಳು ಮಾಡಲ್ಲ, ಅಷ್ಟೇ. ಅಷ್ಟೇ. ಅಷ್ಟು ಸಾಲದು, ನಂಬದವನನ್ನು ಮುಳುಗಿಸಿದರೆ ಅದು ಬರೀ ಸ್ನಾನ, ಅಂಥವನನ್ನು ಕಟ್ಟಿಕೊಂಡವಳಿಗೆ ಊಟದ ಪಂಕ್ತಿ ಬೇರೆ, ಪ್ರಾರ್ಥನೆಗೆ ಬಾಗಿಲ ಹತ್ತಿರ ಜಾಗ, ಹುಟ್ಟುವ ಕೂಸೂ ಹೊರಗಿನದೇ. ನಂಬದವನಿಗೆ ಕೊಡೋಕಾ ನಾನು ಅರ್ಧ ಭೂಮಿ ಸುತ್ತಿ ಬಂದದ್ದು, ಎಂದು ಒಂದು ವರ್ಷ ಮಗಳ ಜೊತೆ ಮಾತು ಬಿಟ್ಟಿದ್ದ ತೆರೆಂತಿ, ಹುಡುಗ ಮುಳುಗಲು ಒಪ್ಪಿದ ಮೇಲೆ, ಈಗ ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದಾನೆ, ಮಂಗಳವಾರದ ಮಾತು ಅವನಿಗೆ ಗೊತ್ತಿಲ್ಲ, ಫೆವ್ರೋನ್ಯಾ ಒಂದು ಮಾತಾಡಿದರೆ ಸಾಕು, ಸವ್ವಾತಿಯ ಕೈ ನಿಲ್ಲುತ್ತದೆ, ಅವಳು ಕಾಗೆಯನ್ನು ಹುಡುಕಿದಳು, ಅದು ತಿರುವಿನಲ್ಲಿ ಮರೆಯಾಗಿತ್ತು.

ಮೂರನೆಯದು. ನೀರು ಮುಚ್ಚಿತು, ಗಲೀನಾಳ ಸಿಗರೇಟು ಕೆಸರಿಗೆ ಬಿತ್ತು, ಅಯ್ಯೋ ಎತ್ರೋ, ಎಂದಳು, ಎತ್ತಿದರು, ತುಟಿ ಕಪ್ಪಾಗಿತ್ತು, ಇನ್ನು ಶಿಲುಬೆಯ ಗುರುತು ಹಾಕಿಕೊಂಡರೆ ಮುಗಿಯಿತು, ಎರಡು ಬೆರಳು ನೆಟ್ಟಗೆ, ಉಳಿದ ಮೂರು ಮಡಚಿ, ಮುನ್ನೂರೈವತ್ತು ವರ್ಷದ ಹಿಂದೆ ದೊರೆ ಮೂರು ಬೆರಳು ಕೂಡಿಸಿ ಎಂದಾಗ ಒಲ್ಲೆವೆಂದವರು ತಮ್ಮ ಹಿರಿಯರು, ಆ ಎರಡು ಬೆರಳನ್ನು ಉಳಿಸಿಕೊಳ್ಳಲಿಕ್ಕೆ ಸೈಬೀರಿಯಾಕ್ಕೆ, ಚೀನಾಕ್ಕೆ, ಸಮುದ್ರದಾಚೆಗೆ ಓಡಿದವರು — ಸ್ಲಾವಾ ಕೈ ಎತ್ತಿದ, ಬೆರಳು ಮಾತು ಕೇಳಲಿಲ್ಲ, ಐದೂ ಮರಗಟ್ಟಿ ಅಂಟಿಕೊಂಡಿದ್ದವು, ಸವ್ವಾತಿ ಕಾಯುತ್ತಿದ್ದಾನೆ, ತೆರೆಂತಿಯ ಹುಬ್ಬು ಗಂಟಾಗುತ್ತಿದೆ, ಅಷ್ಟರಲ್ಲಿ ಉಲೀತಾ ಲಂಗ ಸಮೇತ ನೀರಿಗಿಳಿದಳು, ಮದುವೆಗೆ ಮೊದಲು ಮುಟ್ಟಬಾರದ ಕೈಯನ್ನು ಹಿಡಿದಳು, ಅದಕ್ಕೆ ಉಸಿರೂದಿದಳು, ಏಯ್, ಎಂದು ತೆರೆಂತಿ ಬಾಯಿ ತೆರೆದ, ಸುಮ್ನಿರಿ ನೀವು, ಎಂದಳು ಫೆವ್ರೋನ್ಯಾ, ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಬಾರಿಗೆ, ಮಗಳು ಒಂದೊಂದೇ ಬೆರಳನ್ನು ಮಡಚುತ್ತಿದ್ದಾಳೆ, ಹೆಬ್ಬೆರಳು, ಕಿರುಬೆರಳು, ಅದರ ಪಕ್ಕದ್ದು, ಎರಡನ್ನು ಬಿಟ್ಟಳು, ಆ ಎರಡು ನಿಂತವು, ನೀಲಿಯಾಗಿ, ನಡುಗುತ್ತ, ಅವನವೋ ಅವಳವೋ, ಹಣೆಯ ಕಡೆಗೆ ಏರುತ್ತ, ಇನ್ನೂ ಮುಟ್ಟಿಲ್ಲ, ನೀಲಿ ಬೆರಳು, ನೀರು ತೊಟ್ಟಿಕ್ಕುವ ಎರಡು ಬೆರಳು, ಎರಡು —