ಕೈಗೆ ಟವೆಲ್ ಸುತ್ತಿದ ಮೇಲೆ

ಗುರುವಾರ ಹನ್ನೊಂದು ಗಂಟೆಗೆ ಚೇತನ ತನ್ನ ಮ್ಯಾನೇಜರ್ ಭರತ್‌ಗೆ ಒಂದು ಮಾತು ಹೇಳಬೇಕಿತ್ತು: ಕೆಲಸಕ್ಕೆ ವಾಪಸ್ಸು ಬರುತ್ತೇನೆ, ಅಥವಾ ಇಲ್ಲ. ಎಂಟು ವಾರದ ರಜೆ ಅವತ್ತಿಗೆ ಮುಗಿಯುತ್ತಿತ್ತು. ಇವತ್ತು ಬುಧವಾರ. ಲ್ಯಾಪ್‌ಟಾಪ್ ಇನ್ನೂ ಮೇಲಿನ ಕೋಣೆಯಲ್ಲಿ, ಅವಳ ತಾಯಿ ಗುರುಶಾಂತಮ್ಮ ಹೊದಿಸಿದ ಹಳೇ ದಿಂಬಿನ ಚೀಲದೊಳಗೆ ಮಲಗಿತ್ತು.

ಹೈದರಾಬಾದಿನ ಒಂದು ಕಂಪನಿಗೆ ಅವಳು ಒಂಬತ್ತು ವರ್ಷ ಕೆಲಸ ಮಾಡಿದ್ದಳು. ಅದರಲ್ಲಿ ಐದು ವರ್ಷ ಆಂಧ್ರದ ಗಡಿಯೂರು ಆದೋನಿಯ ಈ ಮನೆಯಿಂದಲೇ. ಖಾಸಗಿ ಬಸ್ಸುಗಳ ಸೀಟು ಹಂಚುವ ಪ್ರೋಗ್ರಾಂ ಅವಳದು. ಹದಿನಾಲ್ಕು ಸಾವಿರ ಸಾಲು. ಅದು ಕೆಟ್ಟರೆ ಒಂದೇ ಸೀಟಿಗೆ ಇಬ್ಬರು ಬಂದು ನಿಲ್ಲುತ್ತಾರೆ, ಕಂಡಕ್ಟರ್ ಫೋನ್ ಮಾಡುತ್ತಾನೆ, ಆ ಫೋನು ಸುತ್ತಿ ಬಳಸಿ ಚೇತನಳಿಗೆ ಬರುತ್ತದೆ. ಬೇರೆ ಯಾರಿಗೂ ಅದು ಅರ್ಥವಾಗುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಮೊದಮೊದಲು ಅದನ್ನು ಕೇಳಲು ಅವಳಿಗೂ ಇಷ್ಟವಿತ್ತು.

ಗಣೇಶನ ಹಬ್ಬದ ಹಿಂದಿನ ಮೂರು ದಿನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಮೂರನೆಯ ದಿನ ಅವಳು ತಾನೇ ಬರೆದ ಒಂದು ಸಾಲನ್ನು ನೋಡುತ್ತ ಕೂತಳು. ಅಕ್ಷರಗಳು ಕಾಣುತ್ತಿದ್ದವು, ಓದಲು ಬರಲಿಲ್ಲ. ಯಾರದೋ ಮನೆಯ ಗೋಡೆಯನ್ನು ನೋಡಿದ ಹಾಗೆ. ಕಣ್ಣು ತೊಳೆದು ಬಂದಳು. ಗೋಡೆ ಹಾಗೇ ಇತ್ತು. ಡಾಕ್ಟರು ಅದಕ್ಕೆ ಬರ್ನ್‌ಔಟ್ ಎಂದರು. ಗುರುಶಾಂತಮ್ಮ ಸುಸ್ತು ಎಂದರು. ಹೆಸರು ಯಾವುದಾದರೂ ಚೇತನಳಿಗೆ ಇದ್ದ ಭಯ ಒಂದೇ: ಆ ಓದುವ ಶಕ್ತಿ ಇನ್ನೆಂದೂ ತಿರುಗಿ ಬರದಿದ್ದರೆ?

ಮೊದಲ ವಾರಗಳೆಲ್ಲ ಮಲಗಿದಳು. ತಾಯಿ ಮಂತ್ರಾಲಯಕ್ಕೆ ಕರೆದುಕೊಂಡು ಹೋದರು. ನದಿಯ ಮೆಟ್ಟಿಲ ಮೇಲೆ ಇಬ್ಬರು ಹೆಂಗಸರು ಒಂದೇ ಜಾಗಕ್ಕೆ ಜಗಳ ತೆಗೆದರು. ಚೇತನ ಬೆವೆತು, ಎದ್ದು, ಆಟೊದಲ್ಲಿ ಹೋಗಿ ಕೂತುಬಿಟ್ಟಳು. ಆರನೆಯ ವಾರ ತಂದೆ ಚಂದ್ರಣ್ಣ, "ಮನ್ಯಾಗ ಕುಂತು ಫ್ಯಾನ್ ನೋಡಿದ್ದು ಸಾಕವಾ, ಅಂಗಡಿಗೆ ಬಾ. ಅಲ್ಲೂ ಫ್ಯಾನ್ ಐತಿ, ನೋಡೀಯಂತ" ಎಂದರು.

ಚಂದ್ರಣ್ಣನದು ಹತ್ತಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ. ಅಲ್ಲಿ ಚೇತನ ದಿನಾ ಪಂಚಾಕ್ಷರಯ್ಯನವರ ಪಕ್ಕ ಕೂರತೊಡಗಿದಳು. ಮೂವತ್ತು ವರ್ಷಗಳಿಂದ ಆ ಅಂಗಡಿಗೆ ಬರುವ ಹತ್ತಿಯನ್ನು ಕೈಯಿಂದ ನೋಡಿ ಹೇಳುವವರು ಅವರು. ರಾಶಿಯೊಳಗೆ ಮೊಣಕೈವರೆಗೆ ತೋಳು ಇಳಿಸಿ, ಅಡಿಯಿಂದ ಒಂದು ಹಿಡಿ ತೆಗೆಯುತ್ತಾರೆ. ಎರಡೂ ಕೈಯ ಹೆಬ್ಬೆರಳುಗಳ ನಡುವೆ ಎಳೆದು, ಒಂದರ ಮೇಲೊಂದು ಜೋಡಿಸಿ, ಮತ್ತೆ ಎಳೆಯುತ್ತಾರೆ. ನಾಲ್ಕನೇ ಸಲಕ್ಕೆ ಎಳೆಗಳು ಬಾಚಿದ ಕೂದಲಿನಂತೆ ನೇರವಾಗುತ್ತವೆ. ಅವನ್ನು ತಮ್ಮ ಕರಿ ಕೊಡೆಯ ಬಟ್ಟೆಯ ಮೇಲಿಟ್ಟು, "ಇಪ್ಪತ್ತೊಂಬತ್ತು" ಎನ್ನುತ್ತಾರೆ. ಎಳೆಯ ಉದ್ದ, ಮಿಲಿಮೀಟರಿನಲ್ಲಿ; ಉದ್ದವಾದಷ್ಟೂ ರೇಟು ಜಾಸ್ತಿ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಅದಕ್ಕೆ ಯಂತ್ರವಿದೆ. ಅಷ್ಟು ಹೊತ್ತು ಕಾಯುವವರು ಇಲ್ಲಿ ಕಡಿಮೆ.

ನಲವತ್ತು ರಾಶಿ ಆದಮೇಲೆ ಪಂಚಾಕ್ಷರಯ್ಯ ಹೆಗಲ ಟವೆಲನ್ನು ಬಲಗೈಗೆ ಸುತ್ತಿಕೊಂಡು ಕೂತುಬಿಡುತ್ತಾರೆ. ಟವೆಲ್ ಸುತ್ತಿದ ಕೈ ಮುಂದೆ ಯಾರೂ ಹತ್ತಿ ಹಿಡಿಯುವಂತಿಲ್ಲ. ಊಟ ಮಾಡಿ, ಒಂದು ನಿದ್ದೆ ಆಗಿ, ಮೂರು ಗಂಟೆಗೆ ಬಿಚ್ಚಿದರೆ ಬಿಚ್ಚಿದರು.

"ನಲವತ್ತೊಂದನೇದು ನೋಡಿದ್ರ ಏನಾಗತೈತ್ರಿ ಅಯ್ನೋರ?" ಎಂದು ಚೇತನ ಮೊದಲ ದಿನ ಕೇಳಿದ್ದಳು.

"ಅದೂ ಚಲೋ ಐತಿ ಅನಸ್ತೈತಿ. ನಲವತ್ತೆರಡನೇದೂ ಚಲೋ. ಬೆರಳಿಗೆ ಎಲ್ಲಾ ಒಂದಾ ಆಗಿಬಿಡ್ತಾವ. ಆಮ್ಯಾಲೆ ನಾ ಬಾಯಿ ತೆಗದ್ರ ಸುಳ್ಳು."

ಈ ಬುಧವಾರ ಹತ್ತಿ ಜಾಸ್ತಿ ಬಂದಿತ್ತು. ಹನ್ನೊಂದಕ್ಕೇ ಟವೆಲ್ ಕೈಗೆ ಏರಿತು. ಐದು ನಿಮಿಷಕ್ಕೆ ಪೆದ್ದಹರಿವಾಣದ ರೈತ ಆಂಜಿನೇಯ ಟೆಂಪೊ ತುಂಬ ಹತ್ತಿ ತಂದು ಅಂಗಡಿಯ ಮುಂದೆ ಸುರಿಸಿದ.

"ಅಯ್ನೋರೂ, ಒಕ್ಕಟೇ ಒಕ್ಕಟಿ, ಇದೊಂದಾ ನೋಡ್ರಿ. ಟೆಂಪೊದವ ಆಗಲೇ ಮಾರಿ ಗಂಟು ಹಾಕ್ಯಾನ."

ಪಂಚಾಕ್ಷರಯ್ಯ ಸುತ್ತಿದ ಕೈಯನ್ನು ಎತ್ತಿ ತೋರಿಸಿದರು.

"ಅರೆ, ಆ ಕೈ ನಿದ್ದಿ ಮಾಡ್ತೈತಿ ಸರೇ. ಎಡಗೈ ಎದ್ದೈತಲ್ಲ?"

"ಎಡಗೈಲೆ ನೋಡಿದ್ರ ನಿನಗ ಎಡಗೈ ರೇಟಾ ಹೇಳತಾರ ನೋಡು" ಎಂದರು ಗದ್ದಿಗೆಯ ಮೇಲಿಂದ ಚಂದ್ರಣ್ಣ.

ಎಲ್ಲರೂ ನಕ್ಕರು. ಪಂಚಾಕ್ಷರಯ್ಯ ನಗಲಿಲ್ಲ. ಗದ್ದವೆತ್ತಿ ಚೇತನಳ ಕಡೆ ತೋರಿಸಿದರು. "ಆಕಿ ನೋಡ್ತಾಳ. ಎರಡು ವಾರದಿಂದ ಕಲ್ಯಾಕ ಹತ್ಯಾಳ."

ಚೇತನ ಎದ್ದಳು. ಬೇಡ ಅನ್ನುವಷ್ಟರಲ್ಲಿ ಅವಳ ತೋಳು ರಾಶಿಯೊಳಗಿತ್ತು. ಒಳಗಿನ ಹತ್ತಿ ಬೆಚ್ಚಗಿತ್ತು. ಎಳೆದಳು, ಜೋಡಿಸಿದಳು, ಎಳೆದಳು. ಕೊಡೆಯ ಮೇಲಿಟ್ಟಳು. ಎರಡು ಸಲ ನೋಡಿ ಹೇಳಿದಳು: "ಇಪ್ಪತ್ತಾರು."

ಆಂಜಿನೇಯ ಎದೆಯ ಮೇಲೆ ಕೈ ಇಟ್ಟುಕೊಂಡ. "ಏಮಮ್ಮಾ! ನಮ್ಮ ಹತ್ತಿ ಅಷ್ಟು ಪೊಟ್ಟಿ ಐತೇನು? ನಮ್ಮ ತಮ್ಮಂದು ಮೊನ್ನಿ ಮೂವತ್ತು ಅಂದಾರ. ಒಂದೇ ಬೀಜ. ಒಂದೇ ಹೊಲ, ನಡುವ ಒಂದು ಬದು. ಬದು ದಾಟಿದ ಕೂಡ್ಲೇ ಕುಳ್ಳ ಆಗತೈತೇನು?"

ಅವಳು ಮತ್ತೆ ಎಳೆದಳು. ಇಪ್ಪತ್ತಾರು. ಇನ್ನೊಮ್ಮೆ. ಇಪ್ಪತ್ತೈದು. ಸುತ್ತ ಹತ್ತು ಹನ್ನೆರಡು ಜನ ಸೇರಿದ್ದರು. ಪಂಚಾಕ್ಷರಯ್ಯ ಮುಂದೆ ಬಾಗಿ ಮೂಗು ಅರಳಿಸಿದರು.

"ಕೈಗೆ ಏನು ಹಚ್ಚಿಗೊಂಡೀದಿ?"

"ಏನಿಲ್ರಿ. ಚರ್ಮ ಒಡದೈತಿ ಅಂತ ಅವ್ವ ಕ್ರೀಮ್..."

"ಆತು ಬಿಡು. ಜಿಗಟ ಕೈ ಎಳಿಯನ್ನ ಬಿಡೂದಿಲ್ಲ, ಹರಿತೈತಿ. ನೀ ಇಲ್ಲಿ ತನಕ ಎಳದಿಲ್ಲವಾ, ಬರೇ ಹರದೀದಿ."

ಚಂದ್ರಣ್ಣ ಗದ್ದಿಗೆ ಬಡಿದು ನಕ್ಕರು. "ಪೆಳ್ಳಿಕೂತುರು, ಮದುಮಗಳು ಬಂದಂಗ ಬಂದಾಳಲ್ರಪ ಮಾರ್ಕೆಟ್‌ಗೆ! ನಾಳಿ ಪೌಡರ್ ಹಚ್ಚಿಗೊಂಡು ಬಾರವಾ, ಹತ್ತಿ ಇನ್ನಾ ಬೆಳ್ಳಗ ಕಾಣತೈತಿ." ಪಕ್ಕದ ಅಂಗಡಿಯವರೂ ನಕ್ಕರು. ಆಂಜಿನೇಯ ಎಲ್ಲರಿಗಿಂತ ಜೋರಾಗಿ ನಕ್ಕ. ಅವನ ಹತ್ತಿಯ ಮಾನ ಉಳಿದಿತ್ತು.

ಚೇತನ ಕಾದು ನಿಂತಳು. ತಪ್ಪಾದಾಗಲೆಲ್ಲ ಕುತ್ತಿಗೆಯ ಹಿಂದೆ ಒಂದು ತಣ್ಣನೆಯದು ಹುಟ್ಟಿ ಬೆನ್ನಿನಲ್ಲಿ ಇಳಿಯುತ್ತಿತ್ತು; ಅದಾದ ಮೇಲೆ ಎರಡು ದಿನ ಊಟ ಸೇರುತ್ತಿರಲಿಲ್ಲ. ಈಗ ಬರುತ್ತದೆ, ಈಗ ಬರುತ್ತದೆ ಎಂದುಕೊಂಡಳು. ಬರಲಿಲ್ಲ. ಎದುರಿಗೆ ರಾಶಿ ಹಾಗೇ ಬಿದ್ದಿತ್ತು. ಅದರ ಮೇಲೆ ಒಂದು ಆಡು ಬಾಯಿ ಹಾಕುತ್ತಿತ್ತು.

"ನಾ ಒಗ್ಗಾಣಿ ಮಿರ್ಚಿ ತಿಂದು ಬರತೀನಿ" ಎಂದ ಆಂಜಿನೇಯ, ತನ್ನ ಟವೆಲ್ ಕೊಡವುತ್ತ. "ಮೂರಕ್ಕ ಅಯ್ನೋರು ಎದ್ದ ಮ್ಯಾಲೆ ನೋಡ್ಲಿ. ಆಡು ತಿನ್ನದಂಗ ನೋಡ್ಕೋಮ್ಮಾ, ಅದಕ್ಕಾದ್ರೂ ಕೈ ಸರಿ ಐತಲ್ಲ?"

ಆಗ ಚೇತನ ನಕ್ಕಳು. ಎರಡು ತಿಂಗಳ ನಂತರ ಬಂದ ನಗು, ಸ್ವಲ್ಪ ಒರಟಾಗಿ, ಕೆಮ್ಮಿನ ಹಾಗೆ ಬಂತು.

ಮೂರು ಗಂಟೆಗೆ ಪಂಚಾಕ್ಷರಯ್ಯ ನೋಡಿದರು. ಮೂವತ್ತು. ಆಂಜಿನೇಯ ಅವಳ ಕಡೆ ತಿರುಗಿ ಕೂಡ ನೋಡಲಿಲ್ಲ. ಅವನಿಗೆ ಮರೆತೇ ಹೋಗಿತ್ತು.

"ಅಯ್ನೋರ, ನೀವು ಎಂದಾದ್ರೂ ತಪ್ಪು ಹೇಳೀರೇನ್ರಿ?" ಎಂದು ಚೇತನ ಕೇಳಿದಳು.

"ಹೋದ ವಾರ ಮೂರು."

"ಯಾರಿಗರೆ ಗೊತ್ತಾತೇನ್ರಿ?"

"ಎಲ್ಲಾರಿಗೂ ಗೊತ್ತಾತು. ಜಿನ್ನಿನವ ಫೋನ್ ಮಾಡಿ ಬೈದ." ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಅವಂಗೂ ಒಂದು ಕೆಲಸ ಬೇಕಲ್ಲವಾ."

ಗುರುವಾರ ಬೆಳಿಗ್ಗೆ ಅವಳು ದಿಂಬಿನ ಚೀಲ ತೆಗೆದಳು. ಬರುತ್ತೇನೆ ಎಂದು ಅವಳು ಇನ್ನೂ ನಿರ್ಧರಿಸಿರಲಿಲ್ಲ. ಯಾವ ಮಾತು ಹೇಳಬೇಕೆಂಬುದು ಮಾತ್ರ ಗೊತ್ತಾಗಿತ್ತು. ಭರತ್‌ನ ಮುಖ ಪರದೆಯ ಮೇಲೆ ಬಂದಾಗ ಅವಳು ತೆಲುಗಿನಲ್ಲಿ, ಉಸಿರು ತೆಗೆದುಕೊಳ್ಳದೆ ಹೇಳಿಬಿಟ್ಟಳು: ನನಗೆ ಓದಲು ಬರುತ್ತದೋ ಇಲ್ಲವೋ ಗೊತ್ತಿಲ್ಲ. ಬಂದರೆ ಬರುತ್ತೇನೆ. ಆದರೆ ಎಮರ್ಜೆನ್ಸಿ ಫೋನ್ ಇನ್ನು ನನ್ನೊಬ್ಬಳ ಹತ್ತಿರ ಇರುವುದಿಲ್ಲ. ಇರಲೇಬೇಕು ಅಂದರೆ ಬೇರೆಯವರನ್ನು ನೋಡಿಕೊಳ್ಳಿ.

ಭರತ್ ತಲೆ ಕೆರೆದುಕೊಂಡ. ಆ ಫೋನ್ ಎಂಟು ವಾರದಿಂದ ಭುವನಾಳ ಹತ್ತಿರ ಇದೆ ಎಂದ. ಅವಳ ಜೊತೆ ಇನ್ನಿಬ್ಬರು ಸರದಿಯ ಮೇಲೆ ಇಟ್ಟುಕೊಳ್ಳುತ್ತಾರೆ. ದಸರಾದಲ್ಲಿ ಎರಡು ಸಲ ಒಂದೇ ಸೀಟಿಗೆ ಇಬ್ಬರು ಬಂದರು.

"ಆಮೇಲೆ?" ಎಂದಳು ಚೇತನ.

ಆಮೇಲೆ ಏನಿಲ್ಲ, ಬಸ್ಸು ಹೋಯಿತು ಎಂದ ಭರತ್. ಒಬ್ಬರನ್ನು ಮುಂದಿನ ಬಸ್ಸಿಗೆ ಹತ್ತಿಸಿದರಂತೆ.

ಒಂದು ಕ್ಷಣ ಅವಳಿಗೆ ನೋವಾಯಿತು. ಒಂಬತ್ತು ವರ್ಷ. ಬಸ್ಸು ಹೋಯಿತಂತೆ. ಆ ನೋವು ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಭುಜಗಳು ಕೆಳಗಿಳಿದಿದ್ದವು. ಅವು ಇಷ್ಟು ದಿನ ಮೇಲೆ ಇದ್ದವೆಂದು ಅವಳಿಗೆ ತಿಳಿದೇ ಇರಲಿಲ್ಲ.

ಭುವನಾ ಕರೆಗೆ ಸೇರಿಕೊಂಡಳು. ರಾಯಚೂರಿನವಳು, ಕೆಲಸಕ್ಕೆ ಬಂದು ಎರಡು ವರ್ಷ. "ಅಕ್ಕಾ, ಆರಾಮ ಅದೀರೇನ್ರಿ? ಮೊದಲಾ ಹೇಳತೀನಿ, ನಿಮ್ಮ ಕೋಡ್‌ಗೆ ನಾ ದಿನಾ ಬೈದೀನಿ. ಒಂದು ಕೇಳೂದೈತಿ, ಸ್ಕ್ರೀನ್ ತೋರಸ್ಲೇನು?"

ಚೇತನ ಬೇಡ ಅನ್ನುವ ಮೊದಲೇ ಪರದೆ ಬದಲಾಯಿತು.

"ಈ ಸಾಲು ನೋಡ್ರಿ. ಮೂವತ್ತೇಳನೇ ಸೀಟು ಯಾರಿಗೂ ಕೊಡಬ್ಯಾಡ ಅಂತ ಬರದೀರಿ. ಎಲ್ಲಾ ಬಸ್ಸಿನಾಗೂ. ಯಾಕ್ರಿ?"

ಚೇತನ ಆ ಸಾಲು ನೋಡಿದಳು. ಅದರ ಮೇಲಿನದು, ಕೆಳಗಿನದು. ಆರು ವರ್ಷದ ಹಿಂದೆ ಬರೆದದ್ದು. ಯಾವುದೋ ಹಳೇ ಬಸ್ಸಿನಲ್ಲಿ ಆ ಸೀಟು ಮುರಿದಿತ್ತೇ? ಆ ಜಾಗದಲ್ಲಿ ಟೈರಿನ ಡಬ್ಬಿ ಇತ್ತೇ? ಇಡೀ ಪುಟ ಮುಗಿದು ಮುಂದಿನದಕ್ಕೆ ಇಳಿಸು ಎಂದು ಹೇಳುವಾಗಲೇ ತಾನು ಓದುತ್ತಿದ್ದೇನೆ ಎಂಬುದು ಅವಳಿಗೆ ತಿಳಿದದ್ದು. ಅಕ್ಷರಗಳು ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಅವಳು ಇನ್ನೊಂದು ಸಾಲು ಓದಿದಳು, ಮತ್ತೊಂದು.

"ಅಕ್ಕಾ? ಅದೀರೇನ್ರಿ?"

"ಅದೀನಿ."

"ಯಾಕ ಬರದ್ರಿ ಇದನ್ನ?"

"ಗೊತ್ತಿಲ್ಲವಾ" ಎಂದಳು ಚೇತನ. "ಸುಳ್ಳ ಹೇಳಲಿ ಯಾಕ, ಏನೂ ನೆನಪಿಲ್ಲ."

ಭುವನಾ ನಕ್ಕಳು. "ಎರಡು ವಾರ ಇದಕ್ಕ ತಲಿ ಕೆಡಿಸಿಕೊಂಡೀನ್ರಿ! ತೆಗೀಲೇನು ಹಂಗಾರ?"

"ತೆಗಿ. ನೋಡೋಣು."

ಮೊದಲು ಪ್ರೋಗ್ರಾಮಿನ ಪರೀಕ್ಷೆಯ ಪ್ರತಿಯಲ್ಲಿ ತೆಗೆದರು. ಏನೂ ಮುರಿಯಲಿಲ್ಲ. ಊಟದ ಹೊತ್ತಿಗೆ ನಿಜವಾದದ್ದರಲ್ಲೂ ತೆಗೆದರು. ಹೈದರಾಬಾದಿನ ಬಸ್ಸಿನ ಸೀಟುಗಳ ನಕ್ಷೆಯಲ್ಲಿ ಮೂವತ್ತೇಳನೇ ಸೀಟು ಖಾಲಿ ಎಂದು ಹಸಿರಾಗಿ ಕಾಣಿಸಿಕೊಂಡಿತು. ಇಬ್ಬರೂ ಅದನ್ನೇ ನೋಡುತ್ತ ಕೂತರು. ಎಂಟು ನಿಮಿಷಕ್ಕೆ, ಆದೋನಿಯಲ್ಲಿ ಹತ್ತುವ ಯಾರೋ ಆದಿಲಕ್ಷ್ಮಿ ಎಂಬುವರು, ಐವತ್ತೆರಡು ವರ್ಷ, ಕಿಟಕಿಯ ಪಕ್ಕದ ಆ ಸೀಟನ್ನು ಹಿಡಿದುಕೊಂಡರು.