ತೊಳೆದ ಮೇಲೆ

ಅಕ್ಕ ಹಾಲಿನ ಲೋಟವನ್ನು ಮತ್ತೆ ಆಚೆ ತಳ್ಳಿದಳು.

"ಕ್ಯಾಲ್ಸಿಯಂ ಇರೋದು ನಂಗೆ ಬೇಡ. ಅದರಿಂದಾನೇ ಗಡ್ಡೆ ಬೆಳೆಯುತ್ತೆ ಅಂದವಳು ನೀನೇ."

ತಂಗಿಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಗರ್ಭಕೋಶದ ಒಳಪದರದ ಕ್ಯಾನ್ಸರಿನಲ್ಲಿ ಒಂದೊಂದು ಜೀವಕೋಶದೊಳಗೂ ಕ್ಯಾಲ್ಸಿಯಂ ಏರಿಳಿದು, 'ಬೆಳೆ' ಎಂದು ಹೇಗೆ ಸುದ್ದಿ ಮುಟ್ಟಿಸುತ್ತದೆ ಎಂದು ನೋಡುವುದೇ ಪ್ರಯೋಗಾಲಯದಲ್ಲಿ ಅವಳ ಕೆಲಸ. ಅದೇ ಕಾಯಿಲೆ ಅಕ್ಕನಿಗೆ ಬಂದಾಗ, ಧೈರ್ಯ ಬರಲಿ ಎಂದು ಫೋನಿನಲ್ಲಿ ವಿಡಿಯೊ ತೋರಿಸಿದ್ದಳು: ಕ್ಯಾಲ್ಸಿಯಂ ಏರಿದಾಗಲೆಲ್ಲ ಮಿಣುಕುವ ಕೋಶಗಳು, ಒಂದು ತೊಟ್ಟು ಹೊಸ ಔಷಧಿ, ಕತ್ತಲು. ಅಷ್ಟೇ ಸಾಕಾಯಿತು. ಹಾಲಿನ ಮಾತು ಹಾಗಿರಲಿ, ಗುರುವಾರದ ಆಪರೇಷನ್ನೇ ಬೇಡವೆಂದು ಅಕ್ಕ ಪಟ್ಟು ಹಿಡಿದು ಕೂತಳು.

"ನಿನ್ನ ಔಷಧಿ ಬರ್ಲಿ, ಕಾಯ್ತೀನಿ."

"ಅದನ್ನ ಇನ್ನೂ ಇಲಿಗೂ ಕೊಟ್ಟಿಲ್ಲ ಅಕ್ಕ."

"ಇಲಿಗ್ಯಾಕೆ, ನಂಗೇ ಕೊಡು."

"ಈಗ ತೆಗೆಸಿದ್ರೆ ವಾಸಿಯಾಗುತ್ತೆ, ಬಿಟ್ರೆ ಹರಡುತ್ತೆ ಅಂತ ಡಾಕ್ಟರು ಬಿಡಿಸಿ ಹೇಳಿಲ್ವಾ?"

ಗೋಡೆಗೆ ಹೇಳಿದಂತಾಯಿತು. ಭಾವನ ಕಡೆ ನೋಡಿದರೆ ಅವನು ಪೇಪರಿನಿಂದ ತಲೆಯನ್ನೇ ಎತ್ತಲಿಲ್ಲ. ಮೈ ಉರಿದು ತಂಗಿ ಅಕ್ಕನನ್ನು ಅಲ್ಲಿಂದಲೇ ಬಸ್ಸು ಹತ್ತಿಸಿದಳು.

ಪ್ರಯೋಗಾಲಯದ ಕತ್ತಲೆ ಕೋಣೆಯಲ್ಲಿ, ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಪರದೆಯ ಮುಂದೆ ಅಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿದಳು. ಕೋಶಗಳು ಹಸಿರಾಗಿ ಮಿಣುಕುತ್ತಿದ್ದವು. ಔಷಧಿ ಬಿಟ್ಟಳು. ನಂದಿದವು.

"ನಾನು ಹೇಳಲಿಲ್ವಾ" ಎಂದು ಅಕ್ಕ ಎದ್ದಳು.

"ಕೂತ್ಕೋ. ವಿಡಿಯೊ ಇಲ್ಲಿಗೆ ಮುಗಿದಿತ್ತು, ಅಷ್ಟೇ."

ತಂಗಿ ಔಷಧಿಯನ್ನು ತೊಳೆದು ತೆಗೆದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೂಲೆಯಲ್ಲೊಂದು, ಅದರ ಪಕ್ಕದಲ್ಲೊಂದು; ನೋಡನೋಡುತ್ತಿದ್ದಂತೆ ಪರದೆ ತುಂಬ ಮತ್ತೆ ಹಸಿರು. ಅಕ್ಕ ಕೈಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಅವಳಿಗೆ ಹೆದರಿಕೆಯಾಗಿತ್ತು.

"ಇವು ಯಾರವು?"

"ನಿನ್ನ ಹಾಗೇ ಒಬ್ಬರವು. ಹೆಸರು ನಮಗೂ ಹೇಳಲ್ಲ. ಆಪರೇಷನ್ನಲ್ಲಿ ತೆಗೆದದ್ದನ್ನ ನಮಗೆ ಕೊಟ್ರು."

"ಅವರು ಹೇಗಿದಾರೆ?"

"ಚೆನ್ನಾಗಿದಾರಂತೆ, ಡಾಕ್ಟರು ಹೇಳಿದ್ರು."

ಅಕ್ಕ ಪರದೆಯ ಅಂಚಿಗೆ ಬೆರಳು ಸವರಿ, ಬೆರಳನ್ನು ತಂಗಿಯ ಮುಖದ ಮುಂದೆ ಹಿಡಿದಳು.

"ಎಷ್ಟು ಧೂಳೇ ಇದು. ಗುರುವಾರ ನನ್ನದೂ ಇಲ್ಲಿಗೇ ಬರುತ್ತಲ್ಲ, ಅಷ್ಟರೊಳಗೆ ಒರೆಸಿಡು."

ವಾರದಿಂದ ಬೈಯುತ್ತಲೇ ಇದ್ದ ತಂಗಿ ಬಟ್ಟೆ ಹುಡುಕಿ ತಂದು, ಆ ಮಿಣುಕುವ ಬೆಳಕಿನಲ್ಲೇ ಒರೆಸತೊಡಗಿದಳು.